ಬ್ಯಾಡ್ಜ್ ಕೊಡುವ ಮುನ್ನ: ನಗರಕ್ಕೆ ಹೊಸ ಪೊಲೀಸರನ್ನು ಆರಿಸುವುದು ಹೇಗೆ?

1829ರ ಸೆಪ್ಟೆಂಬರ್ 29. ಲಂಡನ್ನಿನ ಬೀದಿಗಳಲ್ಲಿ ಮೆಟ್ರೊಪಾಲಿಟನ್ ಪೊಲೀಸರು ಮೊದಲ ಸಲ ಗಸ್ತು ಹೊರಟ ದಿನ. ಗೃಹ ಸಚಿವ ರಾಬರ್ಟ್ ಪೀಲ್ ಕಟ್ಟಿದ ಪಡೆ ಅದು. ಸೇರಬೇಕೆಂದರೆ ವಯಸ್ಸು 35ರ ಒಳಗಿರಬೇಕಿತ್ತು. ಎತ್ತರ ಕನಿಷ್ಠ 5 ಅಡಿ 7 ಅಂಗುಲ. ಓದು ಬರಹ ಬರಬೇಕಿತ್ತು, ನಡತೆಯೂ ಚೆನ್ನಾಗಿರಬೇಕಿತ್ತು. ಇಷ್ಟೆಲ್ಲ ನೋಡಿ ಆರಿಸಿದರೂ, 1ನೇ ನಂಬರಿನ ಪೇದೆ ನಾಲ್ಕೇ ಗಂಟೆಯಲ್ಲಿ ಕೆಲಸ ಕಳೆದುಕೊಂಡ. ಕಾರಣ, ಕುಡಿತ. ಶುರುವಿನಲ್ಲಿ ಸೇರಿಸಿಕೊಂಡ ಸುಮಾರು 2,800 ಜನರಲ್ಲಿ ಕೊನೆಗೆ ಉಳಿದುಕೊಂಡವರು 600 ಮಂದಿ ಮಾತ್ರ.

ಹತ್ತಿರ ಹತ್ತಿರ ಇನ್ನೂರು ವರ್ಷವಾಯಿತು. ಆದರೆ ಹೊಸಬರನ್ನು ಸೇರಿಸಿಕೊಳ್ಳಲು ಹೊರಟ ಯಾವುದೇ ನಗರದ ಪೊಲೀಸ್ ಇಲಾಖೆಗೆ ಎದುರಾಗುವ ಪ್ರಶ್ನೆ ಇವತ್ತಿಗೂ ಅದೇ. ಎತ್ತರ ಅಳೆಯಬಹುದು. ಓದು ಬರಹ ನೋಡಬಹುದು. ಆದರೆ ರಾತ್ರಿ ಎರಡು ಗಂಟೆಗೆ, ಮೇಲಧಿಕಾರಿ ಯಾರೂ ಹತ್ತಿರ ಇಲ್ಲದಾಗ, ಈ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಅನ್ನೋದನ್ನು ಮೊದಲೇ ತಿಳಿಯುವುದು ಹೇಗೆ?

ಬೇರೆ ಕೆಲಸಗಳಲ್ಲಿ ಹೊಸದಾಗಿ ಸೇರಿದವರ ಕೈಗೆ ದೊಡ್ಡ ನಿರ್ಧಾರ ಯಾವುದೂ ಬರುವುದಿಲ್ಲ. ಮೇಲಿನವರು ಹೇಳಿದ್ದನ್ನು ಮಾಡಿ, ತೋರಿಸಿ, ಸಹಿ ಹಾಕಿಸಿಕೊಂಡರೆ ಆಯಿತು. ಪೊಲೀಸ್ ಕೆಲಸದಲ್ಲಿ ಇದು ತಿರುಗುಮುರುಗು. ಎಲ್ಲರಿಗಿಂತ ಕೆಳಗಿನ ಹುದ್ದೆಯವರೇ ಬೀದಿಯಲ್ಲಿ ನಿಂತು, ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು, ಯಾರ ಮೇಲೆ ಕೈ ಮಾಡಬೇಕು ಅಂತ ಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಅವರ ಸೊಂಟದಲ್ಲಿ ಆಯುಧವೂ ಇರಬಹುದು. ಹಾಗಾಗಿ ಇಲ್ಲಿ ಆಯ್ಕೆಯಲ್ಲಿ ಆಗುವ ತಪ್ಪು ಕಡತದೊಳಗೆ ಉಳಿಯುವುದಿಲ್ಲ, ಯಾರದೋ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ತಪ್ಪುಗಳಲ್ಲಿ ಎರಡು ಬಗೆ. ಸೇರಿಸಿಕೊಳ್ಳಬಾರದವರನ್ನು ಸೇರಿಸಿಕೊಳ್ಳುವುದು ಒಂದು. ಸೇರಿಸಿಕೊಳ್ಳಬೇಕಾದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವುದು ಇನ್ನೊಂದು. ಮೊದಲನೆಯದು ಒಂದಲ್ಲ ಒಂದು ದಿನ ಸುದ್ದಿಯಾಗುತ್ತದೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ತಿರುಗಿ ಹೋದವರು ಎಂಥ ಪೊಲೀಸ್ ಆಗುತ್ತಿದ್ದರು ಅಂತ ನೋಡುವ ಅವಕಾಶವೇ ಇಲ್ಲ. ನೇಮಕಾತಿಯ ಪ್ರತಿ ಹಂತವನ್ನೂ ಒಂದು ಜರಡಿ ಅಂದುಕೊಳ್ಳಿ. ಕಣ್ಣು ದೊಡ್ಡದಾದರೆ ಜೊಳ್ಳೂ ಕೆಳಗಿಳಿಯುತ್ತದೆ, ಸಣ್ಣದಾದರೆ ಗಟ್ಟಿ ಕಾಳೂ ಮೇಲೆ ಉಳಿದು ಕಸದ ಜೊತೆ ಹೋಗುತ್ತದೆ. ಯಾವ ಜರಡಿಯನ್ನು ನೋಡುವಾಗಲೂ ಎರಡನ್ನೂ ಕೇಳಬೇಕು: ಇದು ಯಾರನ್ನು ತಡೆಯುತ್ತಿದೆ? ಯಾರನ್ನು ಸುಮ್ನೆ ಕಳೆದುಕೊಳ್ಳುತ್ತಿದೆ?

ಈ ಜರಡಿಗಳನ್ನು ಜೋಡಿಸುವ ಕ್ರಮದಲ್ಲಿ ಖರ್ಚಿನ ಲೆಕ್ಕ ಇದೆ. ಸಾವಿರಾರು ಜನ ಅರ್ಜಿ ಹಾಕಿರುತ್ತಾರೆ. ಎಲ್ಲರಿಗೂ ಒಂದೇ ಬೆಳಗ್ಗೆ ಲಿಖಿತ ಪರೀಕ್ಷೆ ಮಾಡಿ ಮುಗಿಸಬಹುದು. ಆದರೆ ಒಬ್ಬೊಬ್ಬರ ಹಿನ್ನೆಲೆ ಕೆದಕಲು ಒಬ್ಬ ತನಿಖಾಧಿಕಾರಿಗೆ ವಾರಗಟ್ಟಲೆ ಬೇಕು. ಹೀಗಾಗಿ ಅಗ್ಗದ ಜರಡಿ ಮೊದಲು, ದುಬಾರಿಯದು ಕೊನೆಗೆ. ಇದರ ಒಂದು ಪರಿಣಾಮವನ್ನು ಗಮನಿಸಬೇಕು. ನಡತೆ, ಪ್ರಾಮಾಣಿಕತೆಯಂಥ ಮುಖ್ಯ ಸಂಗತಿ ಕೊನೆಗೆ ಪರೀಕ್ಷೆಗೆ ಬರುತ್ತದೆ. ಅಷ್ಟರಲ್ಲಿ ಓಟದಲ್ಲಿ, ಅಂಕಗಳಲ್ಲಿ ಹಿಂದೆ ಬಿದ್ದ ಎಷ್ಟೋ ಒಳ್ಳೆಯವರು ಮನೆಗೆ ಹೋಗಿಯಾಗಿರುತ್ತದೆ.

ಲಿಖಿತ ಪರೀಕ್ಷೆ ಹುಟ್ಟಿದ್ದು ಒಂದು ನಿಜವಾದ ರೋಗಕ್ಕೆ ಮದ್ದಾಗಿ. 19ನೇ ಶತಮಾನದ ಅಮೆರಿಕದ ನಗರಗಳಲ್ಲಿ ಪೊಲೀಸ್ ಕೆಲಸವನ್ನು ರಾಜಕೀಯ ಪಕ್ಷದವರು ತಮ್ಮವರಿಗೆ ಹಂಚುತ್ತಿದ್ದರು. ಆಳುವ ಪಕ್ಷ ಬದಲಾದರೆ ಪೊಲೀಸರೂ ಬದಲಾಗುತ್ತಿದ್ದರು. 1883ರಲ್ಲಿ ಪೆಂಡಲ್ಟನ್ ಕಾಯ್ದೆ ಅಲ್ಲಿನ ಕೇಂದ್ರ ಸರ್ಕಾರದ ಕೆಲಸಗಳಿಗೆ ಅರ್ಹತೆ ನೋಡಿ ನೇಮಿಸುವ ಪದ್ಧತಿ ತಂದಿತು. ನಗರಗಳೂ ನಿಧಾನವಾಗಿ ಅದೇ ದಾರಿ ಹಿಡಿದವು. 1895ರಲ್ಲಿ ನ್ಯೂಯಾರ್ಕ್ ಪೊಲೀಸ್ ಆಯುಕ್ತರ ಮಂಡಳಿಯ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಅಲ್ಲಿನ ಶಿಫಾರಸಿನ ಪದ್ಧತಿಯ ವಿರುದ್ಧ ನಿಂತರು. ಉತ್ತರಪತ್ರಿಕೆಗೆ ಪಕ್ಷ ಗೊತ್ತಿರುವುದಿಲ್ಲ, ಅಲ್ವಾ? ಅದೇ ಅದರ ದೊಡ್ಡ ಗುಣ.

ಆದರೆ ಅಂಕಕ್ಕೂ ಕೆಲಸಕ್ಕೂ ಇರುವ ನಂಟು ತೀರಾ ಬಿಗಿಯಾದದ್ದೇನಲ್ಲ. 1996ರಲ್ಲಿ ಅಮೆರಿಕದ ನ್ಯೂ ಲಂಡನ್ ಎಂಬ ಪುಟ್ಟ ನಗರದಲ್ಲಿ ಒಬ್ಬರು ಪೊಲೀಸ್ ಕೆಲಸಕ್ಕೆ ಪರೀಕ್ಷೆ ಬರೆದರು. 12 ನಿಮಿಷದಲ್ಲಿ 50 ಪ್ರಶ್ನೆಗಳ ಬುದ್ಧಿ ಪರೀಕ್ಷೆ ಅದು. ಅವರಿಗೆ 33 ಅಂಕ ಬಂತು. ಇಲಾಖೆ ಸಂದರ್ಶನಕ್ಕೆ ಕರೆಯುತ್ತಿದ್ದದ್ದು 20ರಿಂದ 27 ಅಂಕ ಪಡೆದವರನ್ನು ಮಾತ್ರ. ಜಾಸ್ತಿ ಅಂಕ ಬಂದವರಿಗೆ ಕೆಲಸ ಬೇಗ ಬೇಸರ ತಂದು ಬಿಟ್ಟು ಹೋಗುತ್ತಾರೆ ಎಂಬುದು ಇಲಾಖೆಯ ವಾದ. ಅವರು ನ್ಯಾಯಾಲಯಕ್ಕೆ ಹೋದರು, ಸೋತರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಇಲಾಖೆಯ ಪರವಾಗಿಯೇ ತೀರ್ಪು ಕೊಟ್ಟಿತು. ಅದು ಕಾನೂನಿಗೆ ಸರಿ ಇರಬಹುದು. ನನಗೆ ಮಾತ್ರ ಅದು ಗಟ್ಟಿ ಕಾಳನ್ನು ಬೇಕಂತಲೇ ಆಚೆ ಎಸೆದ ಹಾಗೆ ಕಾಣುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದು ಒಳ್ಳೆಯ ನಿಯಮವೂ ಬೆಳೆದಿದೆ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು: ಒಂದು ಪರೀಕ್ಷೆಯಿಂದ ಒಂದು ಸಮುದಾಯದವರೇ ಹೆಚ್ಚಾಗಿ ಹೊರಗುಳಿಯುತ್ತಿದ್ದರೆ, ಆ ಪರೀಕ್ಷೆಗೂ ಕೆಲಸಕ್ಕೂ ನಿಜವಾದ ಸಂಬಂಧ ಇದೆ ಎಂದು ಕೆಲಸ ಕೊಡುವವರೇ ತೋರಿಸಬೇಕು. ಅಂದಿನಿಂದ ನೇಮಕಾತಿ ಮಾಡುವವರು ಮೊದಲು ಕೆಲಸವನ್ನೇ ಬಿಡಿಸಿ ನೋಡಬೇಕಾಯಿತು. ಪೊಲೀಸರು ದಿನವಿಡೀ ಏನು ಮಾಡುತ್ತಾರೆ? ವರದಿ ಬರೆಯುತ್ತಾರೆ. ಸಿಟ್ಟಾದವರ ಮಾತು ಕೇಳುತ್ತಾರೆ. ಕಂಡದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಪರೀಕ್ಷೆಯೂ ಅದನ್ನೇ ಕೇಳಬೇಕು. ಒಂದು ಚಿತ್ರವನ್ನು ಕೆಲವು ನಿಮಿಷ ತೋರಿಸಿ, ತೆಗೆದುಬಿಟ್ಟು, ಅದರ ಬಗ್ಗೆ ಪ್ರಶ್ನೆ ಕೇಳುವುದು, ಒಂದು ಘಟನೆ ಹೇಳಿ ವರದಿ ಬರೆಸುವುದು ಬಂದದ್ದು ಹೀಗೆ.

ದೈಹಿಕ ಪರೀಕ್ಷೆಯ ಕಥೆಯೂ ಹೆಚ್ಚು ಕಡಿಮೆ ಇದೇ. ಎತ್ತರದ ಕಟ್ಟುಪಾಡು ನೂರಕ್ಕೂ ಹೆಚ್ಚು ವರ್ಷ ನಡೆಯಿತು, ಯಾಕೆ ಅಂತ ಯಾರೂ ಕೇಳಿರಲಿಲ್ಲ. 1977ರಲ್ಲಿ ಅಲಬಾಮಾದ ಜೈಲು ಕಾವಲುಗಾರರ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. 5 ಅಡಿ 2 ಅಂಗುಲ ಎತ್ತರ, 120 ಪೌಂಡ್ ತೂಕ ಬೇಕೆಂಬ ನಿಯಮದಿಂದ ಶೇ. 40ಕ್ಕೂ ಹೆಚ್ಚು ಹೆಂಗಸರು ಹೊರಗುಳಿಯುತ್ತಿದ್ದರು. ಗಂಡಸರಲ್ಲಿ ಶೇ. 1ರಷ್ಟೂ ಇಲ್ಲ. ಕೆಲಸಕ್ಕೆ ಬಲ ಬೇಕಿದ್ದರೆ ನೇರವಾಗಿ ಬಲವನ್ನೇ ಪರೀಕ್ಷಿಸಿ ಎಂದಿತು ಕೋರ್ಟು. ಈಗ ಹಲವು ಕಡೆ ಕೆಲಸಕ್ಕೆ ಹತ್ತಿರದ ಪರೀಕ್ಷೆಗಳು ಬಂದಿವೆ: ಮೆಟ್ಟಿಲು ಹತ್ತುವುದು, ಮನುಷ್ಯನ ತೂಕದ ಗೊಂಬೆಯನ್ನು ಎಳೆಯುವುದು, ಬೇಲಿ ದಾಟುವುದು. ಇಂಗ್ಲೆಂಡಿನಲ್ಲಿ 15 ಮೀಟರ್ ದೂರವನ್ನು ಸದ್ದಿಗೆ ಸರಿಯಾಗಿ ಆಚೆ ಈಚೆ ಓಡಬೇಕು. ನಾಲ್ಕು ನಿಮಿಷವೂ ಹಿಡಿಯದ ಓಟ. ದೇಹವನ್ನು ಕೆಲವು ತಿಂಗಳಲ್ಲಿ ತಯಾರು ಮಾಡಬಹುದು. ಹಾಗಾಗಿ ಪರೀಕ್ಷೆಗೆ ಮೊದಲೇ ಅಭ್ಯರ್ಥಿಗಳಿಗೆ ತರಬೇತಿ ಕೊಡುವ ಇಲಾಖೆಗಳು ಜಾಣತನ ಮಾಡುತ್ತಿವೆ ಅಂತ ನನ್ನ ಅಭಿಪ್ರಾಯ.

ಸಂದರ್ಶನಕ್ಕೆ ಬರೋಣ. ಮೂರು ನಾಲ್ಕು ಜನ ಕೂತು ತೋಚಿದ್ದನ್ನು ಕೇಳಿ, ಮನಸ್ಸಿಗೆ ಹಿಡಿಸಿದವರನ್ನು ಆರಿಸಿದರೆ ಅದು ತಮ್ಮಂಥವರನ್ನೇ ಆರಿಸಿಕೊಂಡಂತೆ. ಅದಕ್ಕೆ ಉತ್ತರ ಸರಳ. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ, ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟ ಅಳತೆ. ಪ್ರಶ್ನೆ ಹೀಗಿರಬಹುದು: ‘ಕುಡಿದು ಬಿದ್ದವರ ಪರ್ಸಿನಿಂದ ನಿಮ್ಮ ಹಿರಿಯ ಸಹೋದ್ಯೋಗಿ ಹಣ ತೆಗೆದುಕೊಂಡದ್ದನ್ನು ನೀವು ನೋಡಿದಿರಿ. ಏನು ಮಾಡುತ್ತೀರಿ?’ ವರದಿ ಮಾಡುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಂಡಳಿ ಅಲ್ಲಿಗೆ ಬಿಡುವುದಿಲ್ಲ. ‘ಅವರು ನಾಳೆಯಿಂದ ನಿಮ್ಮ ಜೊತೆ ಗಸ್ತಿಗೆ ಬರುವವರೇ. ಈಗ ಹೇಳಿ’ ಎಂದು ಮುಂದುವರಿಸುತ್ತದೆ. ಇನ್ನೂ ಒಳ್ಳೆಯದು, ಮುಂದೆ ಏನು ಮಾಡುತ್ತೀರಿ ಎನ್ನುವುದಕ್ಕಿಂತ ಹಿಂದೆ ಏನು ಮಾಡಿದ್ದೀರಿ ಎಂದು ಕೇಳುವುದು. ‘ಎಲ್ಲರೂ ಒಂದು ಕಡೆ ನಿಂತಾಗ ನೀವೊಬ್ಬರೇ ಬೇಡ ಅಂದದ್ದು ಇದೆಯಾ? ಯಾವಾಗ?’

ಇಲ್ಲಿಯವರೆಗಿನದ್ದೆಲ್ಲ ಅಭ್ಯರ್ಥಿ ತಾನಾಗಿ ತೋರಿಸಿದ್ದು. ತೋರಿಸದೆ ಇದ್ದದ್ದನ್ನು ನೋಡುವುದು ಹಿನ್ನೆಲೆ ಪರಿಶೀಲನೆ. ಇಡೀ ಆಯ್ಕೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಇದನ್ನೇ.

ಇದು ಬರೀ ಠಾಣೆಯ ದಾಖಲೆಯಲ್ಲಿ ಕೇಸಿದೆಯಾ ಎಂದು ನೋಡುವ ಕೆಲಸ ಅಲ್ಲ. ಸರಿಯಾಗಿ ಮಾಡುವ ಇಲಾಖೆಯಲ್ಲಿ ಅಭ್ಯರ್ಥಿಯ ಕೈಗೆ ಮೊದಲು ಒಂದು ದಪ್ಪ ಪ್ರಶ್ನಾವಳಿ ಕೊಡುತ್ತಾರೆ. ವಾಸವಿದ್ದ ಮನೆಗಳು, ಮಾಡಿದ ಕೆಲಸಗಳು, ಬಿಟ್ಟ ಕಾರಣ, ಸಾಲ, ವಾಹನ ಓಡಿಸಿದ ದಾಖಲೆ, ಮಾದಕ ವಸ್ತು ಮುಟ್ಟಿದ್ದು, ಮುರಿದ ಮದುವೆ, ಎಲ್ಲವನ್ನೂ ಬರೆಯಬೇಕು. ಆಮೇಲೆ ತನಿಖಾಧಿಕಾರಿ ಹೊರಡುತ್ತಾರೆ. ಹಳೆಯ ಮಾಲೀಕರನ್ನು, ನೆರೆಮನೆಯವರನ್ನು, ಬೇರೆಯಾದ ಸಂಗಾತಿಯನ್ನು ಕಂಡು ಮಾತಾಡುತ್ತಾರೆ. ಅಭ್ಯರ್ಥಿ ಕೊಟ್ಟ ಹೆಸರುಗಳು ಹೇಗೂ ಒಳ್ಳೆಯದನ್ನೇ ಹೇಳುತ್ತವೆ. ಆದ್ದರಿಂದ ಅನುಭವಿ ತನಿಖಾಧಿಕಾರಿ ಅವರ ಹತ್ತಿರ ‘ಇವರನ್ನು ಬಲ್ಲವರು ಇನ್ಯಾರಿದ್ದಾರೆ?’ ಎಂದು ಕೇಳಿ, ಆ ಎರಡನೇ ಸುತ್ತಿನ ಹೆಸರುಗಳ ಮನೆ ಬಾಗಿಲು ತಟ್ಟುತ್ತಾರೆ. ನಿಜ ಸಿಗುವುದು ಹೆಚ್ಚಾಗಿ ಅಲ್ಲೇ.

ಒಂದು ತಪ್ಪು ಕಂಡ ಕೂಡಲೇ ಕೆಲಸ ಹೋಯಿತು ಎಂದಲ್ಲ. ಹದಿನೆಂಟನೇ ವಯಸ್ಸಿನ ಒಂದು ಜಗಳ, ಕಷ್ಟದ ದಿನಗಳ ಸಾಲ ಬೇರೆ. ಹತ್ತು ವರ್ಷದಿಂದ ಹೋದಲ್ಲೆಲ್ಲ ಜಗಳ, ತೀರಿಸದೆ ಮುಚ್ಚಿಟ್ಟ ಸಾಲ ಬೇರೆ. ಹುಡುಕುವುದು ಮತ್ತೆ ಮತ್ತೆ ಬರುವ ಚಾಳಿಯನ್ನು. ತಪ್ಪಿಗಿಂತ ಜಾಸ್ತಿ ತೂಗುವುದು ಸುಳ್ಳು. ಪೊಲೀಸರ ಮಾತು ನ್ಯಾಯಾಲಯದಲ್ಲಿ ಸಾಕ್ಷಿ. ಅರ್ಜಿಯಲ್ಲೇ ಸುಳ್ಳು ಬರೆದವರು ಸಾಕ್ಷಿಕಟ್ಟೆಯಲ್ಲಿ ನಿಂತಾಗ ಯಾರು ನಂಬುತ್ತಾರೆ?

ಈ ಜರಡಿ ಹರಿದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಘಟನೆ ನೋಡಿ. 2014ರ ನವೆಂಬರ್ 22ರಂದು ಅಲ್ಲಿನ ಒಂದು ಪಾರ್ಕಿನಲ್ಲಿ 12 ವರ್ಷದ ಬಾಲಕ ತಮಿರ್ ರೈಸ್ ಆಟಿಕೆ ಪಿಸ್ತೂಲು ಹಿಡಿದು ಆಡುತ್ತಿದ್ದ. ಪೊಲೀಸ್ ಕಾರು ಬಂದು ನಿಂತು ಎರಡು ಸೆಕೆಂಡಿನೊಳಗೆ ಹೊಸದಾಗಿ ಸೇರಿದ್ದ ಅಧಿಕಾರಿ ಗುಂಡು ಹಾರಿಸಿದ. ಮಗು ಮರುದಿನ ತೀರಿಕೊಂಡಿತು. ಆಮೇಲೆ ಹೊರಬಂದ ಸಂಗತಿ ಇದು: ಆ ಅಧಿಕಾರಿ ಅದಕ್ಕೂ ಮೊದಲು ಪಕ್ಕದ ಒಂದು ಚಿಕ್ಕ ಇಲಾಖೆಯಲ್ಲಿದ್ದ. ಅಲ್ಲಿ ಬಂದೂಕು ತರಬೇತಿಯಲ್ಲಿ ಮನಸ್ಸಿನ ಹಿಡಿತ ತಪ್ಪಿದ್ದನ್ನು ನೋಡಿ, ಈತ ಈ ಕೆಲಸಕ್ಕೆ ತಕ್ಕವನಲ್ಲ ಎಂದು ಮೇಲಧಿಕಾರಿ ಬರೆದಿಟ್ಟಿದ್ದರು. ಅವನು ರಾಜೀನಾಮೆ ಕೊಟ್ಟು ಬಂದಿದ್ದ. ಆ ಬರಹ ಹಳೆಯ ಇಲಾಖೆಯ ಕಡತದಲ್ಲಿತ್ತು. ಸೇರಿಸಿಕೊಳ್ಳುವಾಗ ಕ್ಲೀವ್‌ಲ್ಯಾಂಡ್ ಆ ಕಡತವನ್ನು ತರಿಸಿ ನೋಡಿರಲಿಲ್ಲ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. 2017ರಲ್ಲಿ ಅವನನ್ನು ವಜಾ ಮಾಡಿದ್ದು ಅರ್ಜಿಯಲ್ಲಿ ನಿಜ ಮುಚ್ಚಿಟ್ಟದ್ದಕ್ಕೆ. ಒಂದು ಕಡತ ತರಿಸಿ ಓದಲು ಎಷ್ಟು ಹೊತ್ತು ಬೇಕು? ನನಗೆ ಈ ಪ್ರಶ್ನೆ ಬಿಟ್ಟು ಹೋಗುವುದೇ ಇಲ್ಲ.

ಅಮೆರಿಕದ ಹಲವು ಇಲಾಖೆಗಳು ಸುಳ್ಳು ಪತ್ತೆ ಯಂತ್ರವನ್ನೂ ಬಳಸುತ್ತವೆ. 1988ರ ಕಾಯ್ದೆಯೊಂದು ಹೆಚ್ಚಿನ ಖಾಸಗಿ ಕಂಪನಿಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಇದನ್ನು ಬಳಸದಂತೆ ತಡೆಯಿತು. ಸರ್ಕಾರಿ ಕೆಲಸಗಳಿಗೆ ಮಾತ್ರ ಆ ತಡೆ ಇಲ್ಲ. ಆದರೆ 2003ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ, ಉದ್ಯೋಗಿಗಳನ್ನು ಸೋಸಲು ಈ ಯಂತ್ರವನ್ನು ನೆಚ್ಚಿಕೊಳ್ಳುವಷ್ಟು ಅದು ನಿಖರವಲ್ಲ ಎಂದಿತು. ಯಂತ್ರ ಅಳೆಯುವುದು ಎದೆಬಡಿತ, ಉಸಿರು, ಬೆವರು. ಹೆದರಿದ ಪ್ರಾಮಾಣಿಕರೂ ಬೆವರುತ್ತಾರೆ. ಯಂತ್ರದ ಮುಂದೆ ಕೂತಾಗ ಕೆಲವರು ಮುಚ್ಚಿಟ್ಟದ್ದನ್ನು ತಾವೇ ಹೇಳಿಬಿಡುತ್ತಾರೆ, ಇಲಾಖೆಗಳು ಇದನ್ನು ಬಿಡದಿರುವುದಕ್ಕೆ ಅದೂ ಒಂದು ಕಾರಣ.

ಮನಶ್ಶಾಸ್ತ್ರದ ಪರೀಕ್ಷೆ ಬೇರೆ ಥರದ್ದು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಂಎಂಪಿಐ ಎಂಬ ಪ್ರಶ್ನಾವಳಿ ಇದರಲ್ಲಿ ಹೆಸರುವಾಸಿ. ಅದರ ಎರಡನೇ ಆವೃತ್ತಿಯಲ್ಲಿ ‘ಸರಿ’ ಅಥವಾ ‘ತಪ್ಪು’ ಎಂದು ಉತ್ತರಿಸುವ 567 ವಾಕ್ಯಗಳಿವೆ. ಆಮೇಲೆ ಮನಶ್ಶಾಸ್ತ್ರಜ್ಞರು ಎದುರು ಕೂತು ಮಾತಾಡುತ್ತಾರೆ. ಇಲ್ಲಿ ಒಂದನ್ನು ನೆನಪಿಡಬೇಕು. ಈ ಪರೀಕ್ಷೆ ಒಳ್ಳೆಯ ಪೊಲೀಸರು ಯಾರೆಂದು ಹೇಳುವುದಿಲ್ಲ. ಆಯುಧ ಕೊಡಲು ಅಪಾಯವಾಗುವಂಥ ತೊಂದರೆ ಇದೆಯೇ ಎಂದಷ್ಟೇ ಹೇಳಬಲ್ಲದು. 1991ರಲ್ಲಿ ಲಾಸ್ ಏಂಜಲಿಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣದ ವ್ಯಕ್ತಿಯನ್ನು ಬಡಿದ ಮೇಲೆ ನೇಮಿಸಿದ ಕ್ರಿಸ್ಟೊಫರ್ ಆಯೋಗ ಕೂಡ, ಸೇರುವ ಮುಂಚಿನ ಈ ಪರೀಕ್ಷೆ ಹಿಂಸೆಯ ಸ್ವಭಾವವನ್ನು ಹಿಡಿಯುವುದು ಅಷ್ಟಕ್ಕಷ್ಟೇ, ಹಿಂದೆ ನಿಜವಾಗಿ ಹೇಗೆ ನಡೆದುಕೊಂಡಿದ್ದಾರೆ ಎಂಬುದನ್ನು ಜಾಸ್ತಿ ನೋಡಿ ಎಂದು ಹೇಳಿತು. ಅದೇ ಆಯೋಗ ಇನ್ನೊಂದನ್ನೂ ಗಮನಿಸಿತ್ತು. ಬಲಪ್ರಯೋಗದ ವರದಿ ಅತಿ ಹೆಚ್ಚು ಬಂದಿದ್ದ 120 ಅಧಿಕಾರಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಎತ್ತರ, ಗೋಡೆ ಹತ್ತುವುದು ಎಂದು ಹೆಂಗಸರನ್ನು ಎಷ್ಟೋ ವರ್ಷ ಹೊರಗಿಟ್ಟ ಜರಡಿ ಏನನ್ನು ಕಳೆದುಕೊಂಡಿತ್ತು ಎಂಬುದು ಇಲ್ಲಿ ಸ್ವಲ್ಪ ಕಾಣುತ್ತದೆ. 2021ರಲ್ಲಿ ಅಮೆರಿಕದಲ್ಲಿ ಶುರುವಾದ ‘30x30’ ಅಭಿಯಾನಕ್ಕೆ ಸೇರಿದ ಇಲಾಖೆಗಳು, 2030ರ ಹೊತ್ತಿಗೆ ಹೊಸದಾಗಿ ತರಬೇತಿಗೆ ಸೇರುವವರಲ್ಲಿ ಶೇ. 30ರಷ್ಟು ಹೆಂಗಸರಿರಬೇಕು ಎಂಬ ಗುರಿ ಇಟ್ಟುಕೊಂಡಿವೆ.

ಅಮೆರಿಕದಲ್ಲಿ ವೈದ್ಯಕೀಯ ಮತ್ತು ಮನಶ್ಶಾಸ್ತ್ರದ ಪರೀಕ್ಷೆಗಳು ಕೊನೆಗೆ ಬರುವುದಕ್ಕೆ ಕಾನೂನೂ ಕಾರಣ. 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ‘ಇದರಲ್ಲಿ ಪಾಸಾದರೆ ಕೆಲಸ ನಿಮ್ಮದು’ ಎಂದು ಷರತ್ತಿನ ಮೇಲೆ ಕೆಲಸ ಕೊಟ್ಟ ನಂತರವೇ ಇಂಥ ಪರೀಕ್ಷೆ ಮಾಡಬೇಕು. ಮೊದಲೇ ರೋಗ ಕೇಳಿ ಬಾಗಿಲು ಹಾಕುವಂತಿಲ್ಲ.

ಇಷ್ಟು ಹಂತ ದಾಟಲು ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷ ಹಿಡಿಯುತ್ತದೆ. ಅಷ್ಟು ದಿನ ಕಾಯಲಾಗದೆ ಒಳ್ಳೆಯವರು ಬೇರೆ ಕೆಲಸ ಹಿಡಿಯುತ್ತಾರೆ. ಇದು ನಿಜವಾದ ನಷ್ಟ. ಫೋನ್ ಮಾಡಿ ಅರ್ಜಿ ಎಲ್ಲಿದೆ ಅಂತ ತಿಳಿಸುವುದು, ಎರಡು ಪರೀಕ್ಷೆಗಳನ್ನು ಒಂದೇ ದಿನ ಮುಗಿಸುವುದು ಮುಂತಾಗಿ ವ್ಯರ್ಥವಾಗುವ ದಿನಗಳನ್ನು ಕಡಿಮೆ ಮಾಡಬಹುದು. ಆದರೆ ನೋಡುವ ಕೆಲಸವನ್ನೇ ಕಡಿಮೆ ಮಾಡಿದರೆ ಬೆಲೆ ತೆರಬೇಕಾಗುತ್ತದೆ.

1980ರ ದಶಕದ ಆರಂಭದಲ್ಲಿ ಮಯಾಮಿ ನಗರ ಅಪರಾಧಕ್ಕೆ ಹೆದರಿ ಪೊಲೀಸರ ಸಂಖ್ಯೆಯನ್ನು ಅವಸರದಲ್ಲಿ ಏರಿಸಿತು. 1985ರ ಜುಲೈನಲ್ಲಿ ಮಯಾಮಿ ನದಿಯಲ್ಲಿ ಮಾದಕ ವಸ್ತು ಸಾಗಿಸುತ್ತಿದ್ದ ಮೂವರು ಮುಳುಗಿ ಸತ್ತರು. ಅವರು ನೀರಿಗೆ ಹಾರಿದ್ದು ಕೊಕೇನ್ ದೋಚಲು ಬಂದ ಪೊಲೀಸರಿಗೆ ಹೆದರಿ. ವಾಷಿಂಗ್ಟನ್ ನಗರ 1989-90ರಲ್ಲಿ ಸಂಸತ್ತಿನ ಒತ್ತಡಕ್ಕೆ ಸಿಕ್ಕಿ ಸುಮಾರು 1,500 ಜನರನ್ನು ಗಡಿಬಿಡಿಯಲ್ಲಿ ಸೇರಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹಲವರು ತಾವೇ ಆರೋಪಿಗಳಾಗಿ ಬಂಧನಕ್ಕೊಳಗಾದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2019ರಿಂದ ಮೂರೂವರೆ ವರ್ಷದಲ್ಲಿ ಪಡೆಗೆ 20,000 ಜನರನ್ನು ಹೆಚ್ಚಿಸುವ ಯೋಜನೆ ನಡೆಯಿತು. 2022ರ ನವೆಂಬರಿನಲ್ಲಿ ಹೊರಬಂದ ವರದಿಗಾಗಿ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ ಹಿನ್ನೆಲೆ ಪರಿಶೀಲನೆಯ 725 ಕಡತಗಳನ್ನು ತೆರೆದು ನೋಡಿದಾಗ, 131ರಲ್ಲಿ ತೀರ್ಮಾನವೇ ಅನುಮಾನಾಸ್ಪದವಾಗಿತ್ತು. ಮೂರು ನಗರ-ನಾಡು, ಮೂರು ಕಾಲ. ಮೂರೂ ಕಡೆ ‘ಇಷ್ಟು ದಿನದೊಳಗೆ ಇಷ್ಟು ಜನ ಬೇಕು’ ಎಂಬ ಲೆಕ್ಕ ಮೊದಲು ಬಂತು.

ಇನ್ನು ತರಬೇತಿ. ಅದನ್ನು ಆಯ್ಕೆ ಮುಗಿದ ಮೇಲಿನ ಹಂತ ಎಂದುಕೊಳ್ಳುವವರೇ ಜಾಸ್ತಿ. ನಿಜವಾಗಿ ಅದು ಕೊನೆಯ ಜರಡಿ, ಮತ್ತು ಉಳಿದವಕ್ಕಿಂತ ಸೂಕ್ಷ್ಮ, ಏಕೆಂದರೆ ಇಲ್ಲಿ ಪರೀಕ್ಷೆಗಿಡುವುದು ಕೆಲಸವನ್ನೇ. ಪೀಲ್ ಪಡೆಯ 2,800 ಜನ 600ಕ್ಕಿಳಿದದ್ದೂ ಹೀಗೇ. ಆಯ್ಕೆ ನಡೆದದ್ದು ಬೀದಿಯಲ್ಲಿ, ಜನರ ಮಧ್ಯೆ, ಸಮವಸ್ತ್ರ ತೊಡಿಸಿದ ಮೇಲೆ. ಅದು ತೀರಾ ದುಬಾರಿ ದಾರಿ. ಅಮೆರಿಕದ ತರಬೇತಿ ಶಾಲೆಗಳಲ್ಲಿ 2018ರಲ್ಲಿ ಸರಾಸರಿ ಸುಮಾರು 830 ಗಂಟೆ ಕಲಿಸುತ್ತಿದ್ದರು. ನಾರ್ವೆ, ಫಿನ್ಲೆಂಡ್‌ಗಳಲ್ಲಿ ಪೊಲೀಸ್ ಆಗಲು ಮೂರು ವರ್ಷದ ಪದವಿ ಓದಬೇಕು. ಮೂರು ವರ್ಷ ಕಣ್ಣೆದುರಿಗಿದ್ದವರ ಸ್ವಭಾವ ಆರು ತಿಂಗಳಿನವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಇದರಲ್ಲಿ ಗುಟ್ಟೇನಿಲ್ಲ.

ಶಾಲೆ ಮುಗಿಸಿ ಬಂದವರನ್ನು ಬೀದಿಯಲ್ಲಿ ತೂಗುವ ಒಂದು ಪದ್ಧತಿ 1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾನ್ ಹೋಸೆ ನಗರದಲ್ಲಿ ರೂಪುಗೊಂಡಿತು. ಹೊಸ ಅಧಿಕಾರಿಯೊಬ್ಬ ಓಡಿಸುತ್ತಿದ್ದ ಗಸ್ತು ಕಾರು ಅಪಘಾತಕ್ಕೀಡಾಗಿ ಸಾವು ಸಂಭವಿಸಿದ್ದು ಅದಕ್ಕೆ ಕಾರಣ. ಈ ಪದ್ಧತಿಯಲ್ಲಿ ಹೊಸಬರ ಪಕ್ಕ ಒಬ್ಬ ತರಬೇತುದಾರ ಇರುತ್ತಾರೆ. ಪ್ರತಿ ಪಾಳಿ ಮುಗಿದ ಮೇಲೆ ಸುಮಾರು 30 ವಿಷಯಗಳಲ್ಲಿ 1ರಿಂದ 7ರವರೆಗೆ ಅಂಕ ಬರೆಯುತ್ತಾರೆ: ಕಾರು ಓಡಿಸಿದ್ದು, ಜನರ ಜೊತೆ ಮಾತಾಡಿದ ರೀತಿ, ತಪ್ಪು ತೋರಿಸಿದಾಗ ಒಪ್ಪಿಕೊಂಡರೋ ಇಲ್ಲವೋ. ಕೆಲವು ವಾರಕ್ಕೊಮ್ಮೆ ತರಬೇತುದಾರರನ್ನು ಬದಲಿಸುತ್ತಾರೆ. ಒಬ್ಬರ ಅಕ್ಕರೆ ಅಥವಾ ಅಸಮಾಧಾನದ ಮೇಲೆ ಯಾರ ಹಣೆಬರಹವೂ ನಿಲ್ಲಬಾರದಲ್ಲ.

ಇಷ್ಟು ಒಳ್ಳೆಯ ಜರಡಿಯನ್ನು ಅಲ್ಲಾಡಿಸಲು ಕೈ ಬರುವುದು ಮಾತ್ರ ಕಷ್ಟ. ಅಷ್ಟೊತ್ತಿಗೆ ಇಲಾಖೆ ಅವರ ಮೇಲೆ ಒಂದು ವರ್ಷ ಸುರಿದಿರುತ್ತದೆ. ಪಾಳಿಯಲ್ಲಿ ಜನ ಕಡಿಮೆ. ಜೊತೆಯಲ್ಲಿ ಓಡಾಡಿ ಸ್ನೇಹವೂ ಆಗಿರುತ್ತದೆ. 3 ಎಂದು ಬರೆಯಬೇಕಾದಲ್ಲಿ ತರಬೇತುದಾರರ ಪೆನ್ನು 4ರ ಕಡೆ ಹೋಗುತ್ತದೆ, ಮತ್ತು 4 ಅಂದರೆ ಪಾಸು. ಅದಕ್ಕೇ ಒಳ್ಳೆಯ ಇಲಾಖೆಗಳು ತರಬೇತುದಾರರನ್ನೂ ಆರಿಸಿ, ತಯಾರು ಮಾಡಿ, ‘ಬೇಡ’ ಎಂದು ಬರೆದವರ ಬೆನ್ನಿಗೆ ನಿಲ್ಲುತ್ತವೆ.

ಕೊನೆಯ ಎರಡು ವಾರ ತರಬೇತುದಾರರು ಸಮವಸ್ತ್ರ ಬಿಟ್ಟು ಸಾದಾ ಬಟ್ಟೆಯಲ್ಲಿ ಬರುತ್ತಾರೆ. ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ತೀರಾ ಅಪಾಯವಾದರೆ ಹೊರತು ಬಾಯಿ ಹಾಕುವುದಿಲ್ಲ. ಕರೆ ಬಂದಾಗ ಕಾರಿನಿಂದ ಮೊದಲು ಇಳಿಯುವುದು, ಮೊದಲ ಮಾತು ಆಡುವುದು ಹೊಸಬರೇ. ಅದಾದ ಮೇಲೆ ಅವರು ಒಬ್ಬರೇ ಗಸ್ತಿಗೆ ಹೊರಡುತ್ತಾರೆ. ಪ್ರೊಬೇಷನ್ ಮುಗಿಯಲು ಇನ್ನೂ ಕೆಲವು ತಿಂಗಳು ಬಾಕಿ ಇರುತ್ತದೆ.